ಮರಳಿ ಹರಿದ ರಕ್ತ: ಅಂಗಾಂಗ ಕಸಿಯ ಚರಿತ್ರೆಯಿಂದ ಒಂದು ಪಾಠ

ದೀರ್ಘ ಉಪವಾಸ ಮುಗಿಸಿದವರ ಪಾರಣೆ ಹೇಗೆ ನಡೆಯಬೇಕೆಂಬುದನ್ನು ನಮ್ಮ ಮನೆಗಳ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಂಟು ದಿನ ನಿರಾಹಾರದಲ್ಲಿದ್ದ ದೇಹಕ್ಕೆ ಒಂಬತ್ತನೆಯ ದಿನ ಬೆಳಿಗ್ಗೆ ಹೋಳಿಗೆ ತುಪ್ಪ ಬಡಿಸುವವರು ಯಾರೂ ಇಲ್ಲ. ಮೊದಲು ಕಾಯಿಸಿ ಆರಿಸಿದ ನೀರು, ಆಮೇಲೆ ಹೆಸರುಬೇಳೆಯ ತಿಳಿಕಟ್ಟು, ಅನಂತರ ತೆಳುವಾದ ಗಂಜಿ. ಹೀಗೆ ಒಡಲನ್ನು ಮೆಲ್ಲಮೆಲ್ಲನೆ ಆಹಾರಕ್ಕೆ ಮರಳಿಸುತ್ತಾರೆ. ಬಳಲಿದ ದೇಹಕ್ಕೆ ಅನ್ನವೇ ಬೇಕು, ನಿಜ. ಆದರೆ ಅದೇ ಅನ್ನ ಒಮ್ಮೆಲೇ ಒಳಹೊಕ್ಕರೆ ಕೇಡಾಗುತ್ತದೆಂಬುದು ಅನುಭವದಿಂದ ಬಂದ ಅರಿವು.

ಇಂಥದೇ ಒಂದು ಸತ್ಯವು ರಕ್ತದ ವಿಷಯದಲ್ಲಿಯೂ ಇದೆಯೆಂಬುದನ್ನು ಆಧುನಿಕ ವೈದ್ಯಶಾಸ್ತ್ರವು ತಿಳಿದುಕೊಳ್ಳಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ರಕ್ತ ನಿಂತ ಅಂಗವು ಸಾಯುತ್ತದೆ. ರಕ್ತ ಮರಳಿದರೆ ಬದುಕುತ್ತದೆ. ಇದು ಎಲ್ಲರೂ ಬಲ್ಲ ಮಾತು. ಆದರೆ ಕೆಲವು ಗಂಟೆಗಳ ಕಾಲ ರಕ್ತವಿಲ್ಲದೆ ಇದ್ದ ಅಂಗಕ್ಕೆ ರಕ್ತವು ಮರಳಿ ಹರಿದ ಮೊದಲ ನಿಮಿಷಗಳಲ್ಲಿಯೇ ಹೊಸದೊಂದು ಗಾಯವಾಗುತ್ತದೆ. ಅದನ್ನು ವೈದ್ಯರು ರಿಪರ್ಫ್ಯೂಷನ್ ಇಂಜುರಿ, ಅಂದರೆ ರಕ್ತದ ಮರುಹರಿವಿನಿಂದಾಗುವ ಹಾನಿ ಎಂದು ಕರೆಯುತ್ತಾರೆ. ಉಪವಾಸದ ದೇಹಕ್ಕೂ ಈ ಅಂಗಕ್ಕೂ ಒಳಗಿನ ಕಾರಣಗಳು ಬೇರೆಬೇರೆಯಾಗಿವೆ. ಆದರೂ ಕೊಡುವುದರಷ್ಟೇ ಕೊಡುವ ಕ್ರಮವೂ ಮುಖ್ಯವೆಂಬ ತಿಳಿವಳಿಕೆ ಎರಡಕ್ಕೂ ಸಮಾನವಾದುದು. ಅಂಗಾಂಗ ದಾನದ ವಿಚಾರವು ಇಂದು ಅನೇಕ ಕುಟುಂಬಗಳ ಬಾಗಿಲಿಗೆ ಬಂದು ನಿಂತಿರುವುದರಿಂದ ಈ ಅರಿವಿನ ಇತಿಹಾಸವನ್ನು ಸ್ವಲ್ಪ ವಿವರವಾಗಿ ಅವಲೋಕಿಸುವುದು ಉಚಿತ.

ಕಸಿಯ ಕಥೆ ಆರಂಭವಾಗುವುದು ಒಂದು ಹೊಲಿಗೆಯಿಂದ. ಫ್ರಾನ್ಸಿನ ಲಿಯಾನ್ ನಗರದ ಶಸ್ತ್ರವೈದ್ಯ ಅಲೆಕ್ಸಿಸ್ ಕಾರೆಲ್ 1902ರಲ್ಲಿ ತುಂಡಾದ ರಕ್ತನಾಳಗಳ ತುದಿಗಳನ್ನು ಸೋರದಂತೆ ಸೇರಿಸಿ ಹೊಲಿಯುವ ವಿಧಾನವನ್ನು ಪ್ರಕಟಿಸಿದನು. ಬಳಿಕ ಅಮೆರಿಕೆಗೆ ಹೋಗಿ ಚಾರ್ಲ್ಸ್ ಗತ್ರಿಯೊಡನೆ ಪ್ರಾಣಿಗಳಲ್ಲಿ ಮೂತ್ರಪಿಂಡದ ಕಸಿಯನ್ನು ಮಾಡಿನೋಡಿದನು. 1912ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ನಾಳವನ್ನು ಜೋಡಿಸಲು ಬಂದರೆ ಅಂಗವನ್ನೂ ವರ್ಗಾಯಿಸಬಹುದೆಂಬ ಭರವಸೆ ಆ ಕಾಲದ್ದು. ಒಂದು ದೇಹದಿಂದ ಇನ್ನೊಂದಕ್ಕೆ ಸಾಗುವ ನಡುವಣ ಹೊತ್ತಿನಲ್ಲಿ ಅಂಗದ ಒಳಗೆ ಏನಾಗುತ್ತದೆಂಬ ಪ್ರಶ್ನೆ ಆಗಿನ್ನೂ ಸ್ಪಷ್ಟವಾಗಿ ಮೂಡಿರಲಿಲ್ಲ.

ಆ ಪ್ರಶ್ನೆಯ ತೀವ್ರತೆ ಕಂಡದ್ದು 1933ರಲ್ಲಿ. ಉಕ್ರೇನಿನ ಖೆರ್ಸೋನ್‌ನಲ್ಲಿ ಯೂರಿ ವೊರೊನೊಯ್ ಎಂಬ ಶಸ್ತ್ರವೈದ್ಯನು ಮೃತವ್ಯಕ್ತಿಯೊಬ್ಬನ ಮೂತ್ರಪಿಂಡವನ್ನು, ಪಾದರಸದ ವಿಷದಿಂದ ಮೂತ್ರಪಿಂಡಗಳು ನಿಂತುಹೋಗಿದ್ದ ತರುಣಿಗೆ ಜೋಡಿಸಿದನು. ಮನುಷ್ಯನಿಂದ ಮನುಷ್ಯನಿಗೆ ನಡೆದ ಮೊದಲ ಮೂತ್ರಪಿಂಡ ಕಸಿ ಅದು. ದಾನಿಯು ಸತ್ತು ಆಗಲೇ ಆರು ಗಂಟೆಗಳಾಗಿದ್ದವು. ರಕ್ತದ ಗುಂಪುಗಳೂ ಹೊಂದುತ್ತಿರಲಿಲ್ಲ. ಆಕೆ ಎರಡು ದಿನಗಳಲ್ಲಿ ತೀರಿಕೊಂಡಳು. ಗುಂಪು ಹೊಂದದಿದ್ದುದು ಒಂದು ಕಾರಣವಾದರೆ, ತಂಪಿಲ್ಲದೆ, ರಕ್ತವಿಲ್ಲದೆ ಕಳೆದ ಆ ಆರು ಗಂಟೆಗಳೂ ಅಷ್ಟೇ ದೊಡ್ಡ ಕಾರಣವೆಂಬುದನ್ನು ಇಂದು ಯಾವ ವೈದ್ಯರೂ ಹೇಳಬಲ್ಲರು.

ಮೊದಲ ಯಶಸ್ಸಿಗೆ ಮತ್ತೆ ಇಪ್ಪತ್ತೊಂದು ವರ್ಷ ಕಾಯಬೇಕಾಯಿತು. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಜೋಸೆಫ್ ಮರೆ ಮತ್ತು ಸಂಗಡಿಗರು ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಕಸಿ ಮಾಡಿದರು. ಆತ ಎಂಟು ವರ್ಷ ಬದುಕಿದನು. ತದ್ರೂಪಿ ಅವಳಿಗಳಾದ್ದರಿಂದ ದೇಹವು ಅಂಗವನ್ನು ಪರಕೀಯವೆಂದು ತಿರಸ್ಕರಿಸಲಿಲ್ಲ ಎಂಬ ಸಂಗತಿ ಜಗತ್ತಿನ ಗಮನ ಸೆಳೆಯಿತು. ಇನ್ನೊಂದು ಸಂಗತಿಯನ್ನು ಹೆಚ್ಚು ಜನ ಗಮನಿಸಲಿಲ್ಲ. ದಾನಿ ಪಕ್ಕದ ಕೋಣೆಯಲ್ಲಿಯೇ ಇದ್ದನು. ಮೂತ್ರಪಿಂಡವು ರಕ್ತವಿಲ್ಲದೆ ಕಳೆದದ್ದು 82 ನಿಮಿಷ ಮಾತ್ರ. ಬಳಿಕ ಮೂವತ್ತು ವರ್ಷಗಳ ಕಾಲ ಕಸಿಶಾಸ್ತ್ರದ ಹೆಚ್ಚಿನ ಶ್ರಮವೆಲ್ಲ ತಿರಸ್ಕಾರವನ್ನು ತಡೆಯುವ ಔಷಧಗಳ ಶೋಧಕ್ಕೆ ಸಂದಿತು. ಕಾಲದ ಮತ್ತು ಮರುಹರಿವಿನ ಪ್ರಶ್ನೆ ಬೇರೊಂದು ದಿಕ್ಕಿನಿಂದ ಬೆಳೆಯಿತು.

1960ರಲ್ಲಿ ಅಮೆರಿಕೆಯ ರಾಬರ್ಟ್ ಜೆನ್ನಿಂಗ್ಸ್ ಮತ್ತು ಸಹೋದ್ಯೋಗಿಗಳು ಹೃದಯಾಘಾತವನ್ನು ಅಭ್ಯಸಿಸುತ್ತ ನಾಯಿಗಳ ಹೃದಯದ ರಕ್ತನಾಳವನ್ನು ಕೆಲಕಾಲ ಬಿಗಿದು, ಅನಂತರ ಸಡಿಲಿಸಿ ನೋಡಿದರು. ರಕ್ತ ಮರಳಿದ ಮೇಲೆ ಸ್ನಾಯುವಿನ ನಾಶವು ನಿಧಾನವಾಗುವ ಬದಲು ಬೇಗನೆ ಮುಂದುವರಿದಂತೆ ಅವರಿಗೆ ಕಂಡಿತು. 1968ರಲ್ಲಿ ಏಮ್ಸ್ ಮತ್ತು ಸಂಗಡಿಗರು ಮೊಲಗಳ ಮಿದುಳಿನಲ್ಲಿ ಇನ್ನೊಂದು ವಿಚಿತ್ರವನ್ನು ಕಂಡರು. ಬಿಗಿದ ದೊಡ್ಡ ನಾಳವನ್ನು ಬಿಟ್ಟರೂ ಸೂಕ್ಷ್ಮ ನಾಳಗಳಲ್ಲಿ ರಕ್ತ ಹರಿಯಲಿಲ್ಲ. ಅಣೆಕಟ್ಟಿನ ತೂಬು ತೆರೆದರೂ ಹೊಲದ ಕಾಲುವೆಗೆ ನೀರು ಬಾರದಂತೆ. 1973ರಲ್ಲಿ ಇಂಗ್ಲೆಂಡಿನ ಡೇವಿಡ್ ಹರ್ಸ್, ಆಮ್ಲಜನಕವಿಲ್ಲದೆ ಇದ್ದ ಇಲಿಯ ಹೃದಯಕ್ಕೆ ಆಮ್ಲಜನಕವನ್ನು ಹಠಾತ್ತನೆ ಮರಳಿಸಿದಾಗ ಜೀವಕೋಶಗಳು ಒಡೆದು ಕಿಣ್ವಗಳು ಹೊರಚೆಲ್ಲುವುದನ್ನು ತೋರಿಸಿದನು. ಪ್ರಾಣವಾಯುವೇ ಪ್ರಾಣಕ್ಕೆ ಮುಳುವಾಗುವ ಈ ವೈಪರೀತ್ಯಕ್ಕೆ ವಿವರಣೆ ಬೇಕಾಯಿತು.

ವಿವರಣೆಯ ಒಂದು ಎಳೆ ರಸಾಯನಶಾಸ್ತ್ರದಿಂದ ಬಂದಿತು. ಡ್ಯೂಕ್ ವಿಶ್ವವಿದ್ಯಾಲಯದ ಜೋ ಮೆಕಾರ್ಡ್ ಮತ್ತು ಅರ್ವಿನ್ ಫ್ರಿಡೊವಿಚ್ 1969ರಲ್ಲಿ ಸೂಪರಾಕ್ಸೈಡ್ ಎಂಬ ಉಗ್ರ ಆಮ್ಲಜನಕ ರೂಪವನ್ನು ಶಮನಗೊಳಿಸುವ ಕಿಣ್ವವೊಂದು ಜೀವಕೋಶಗಳಲ್ಲಿದೆಯೆಂದು ತೋರಿಸಿದರು. ಶಮನಕ್ಕೆಂದೇ ಕಿಣ್ವವಿದೆಯೆಂದ ಮೇಲೆ ದೇಹದೊಳಗೆ ಆ ವಿಷವೂ ಹುಟ್ಟುತ್ತಿರಬೇಕಷ್ಟೆ. 1981ರಲ್ಲಿ ಡಿ. ನೀಲ್ ಗ್ರೇಂಜರ್, ಮೆಕಾರ್ಡ್ ಮೊದಲಾದವರು ಬೆಕ್ಕಿನ ಕರುಳಿನಲ್ಲಿ ರಕ್ತದ ಕೊರತೆಯಿಂದಾಗುವ ಹಾನಿಗೂ ಈ ಸೂಪರಾಕ್ಸೈಡಿಗೂ ಇರುವ ಸಂಬಂಧವನ್ನು ಸ್ಥಾಪಿಸಿದರು. 1986ರಲ್ಲಿ ಪಾರ್ಕ್ಸ್ ಮತ್ತು ಗ್ರೇಂಜರ್ ನಡೆಸಿದ ಹೋಲಿಕೆ ಸಂಶಯಕ್ಕೆ ಎಡೆಗೊಡಲಿಲ್ಲ. ನಾಲ್ಕು ಗಂಟೆ ರಕ್ತವಿಲ್ಲದೆ ಇದ್ದ ಕರುಳಿಗಿಂತ, ಮೂರು ಗಂಟೆ ರಕ್ತವಿಲ್ಲದೆ ಇದ್ದು ನಾಲ್ಕನೆಯ ಗಂಟೆಯಲ್ಲಿ ರಕ್ತವನ್ನು ಮರಳಿ ಪಡೆದ ಕರುಳಿಗೆ ಹೆಚ್ಚು ಗಾಯವಾಗಿತ್ತು.

ಒಳಗೆ ನಡೆಯುವುದನ್ನು ಸರಳವಾಗಿ ಹೀಗೆ ಹೇಳಬಹುದು. ರಕ್ತ ನಿಂತಾಗ ಜೀವಕೋಶವು ತನ್ನಲ್ಲಿದ್ದ ಶಕ್ತಿಯ ಸಂಗ್ರಹವನ್ನು ಬೇಗನೆ ಖರ್ಚುಮಾಡಿಬಿಡುತ್ತದೆ. ಸೋಡಿಯಂ ಲವಣವನ್ನು ಹೊರದೂಡುವ ಪಂಪು ನಿಲ್ಲುತ್ತದೆ. ಲವಣವೂ ನೀರೂ ಒಳಸೇರಿ ಕೋಶ ಊದಿಕೊಳ್ಳುತ್ತದೆ. ಅದರೊಂದಿಗೆ ಕ್ಯಾಲ್ಸಿಯಂ ಸಹ ನುಗ್ಗುತ್ತದೆ. ಅರೆಬರೆ ಮುಗಿದ ರಾಸಾಯನಿಕ ಕ್ರಿಯೆಗಳ ಉಳಿಕೆಗಳು ಶೇಖರವಾಗುತ್ತವೆ. ಇದು ಹಾನಿಯ ಮೊದಲ ಭಾಗ. ಈ ಸ್ಥಿತಿಯಲ್ಲಿ ಆಮ್ಲಜನಕವು ಒಮ್ಮೆಲೇ ಬಂದಾಗ ಆ ಉಳಿಕೆಗಳೊಡನೆ ಸೇರಿ ಸೂಪರಾಕ್ಸೈಡಿನಂಥ ಉಗ್ರ ವಸ್ತುಗಳು ಉತ್ಪನ್ನವಾಗುತ್ತವೆ. ಅವು ಕೋಶದ ಪೊರೆಯನ್ನೂ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳನ್ನೂ ಘಾಸಿಗೊಳಿಸುತ್ತವೆ. ರಕ್ತನಾಳದ ಒಳಪೊರೆ ಗಾಯಗೊಂಡುದನ್ನು ಕಂಡು ಬಿಳಿ ರಕ್ತಕಣಗಳು ಶತ್ರು ಬಂದನೆಂದು ಭ್ರಮಿಸಿ ಅಲ್ಲಿಗೆ ಧಾವಿಸುತ್ತವೆ. ಸೂಕ್ಷ್ಮ ನಾಳಗಳು ಮುಚ್ಚಿಹೋಗುತ್ತವೆ. ಆ ಉಳಿಕೆಗಳಲ್ಲಿ ಯಾವುದು ಮುಖ್ಯವೆಂಬ ಚರ್ಚೆ ಬಹುಕಾಲ ನಡೆಯಿತು. 2014ರಲ್ಲಿ ಕೇಂಬ್ರಿಜ್‌ನ ಮೈಕೇಲ್ ಮರ್ಫಿ ಮತ್ತು ಸಂಗಡಿಗರು, ರಕ್ತವಿಲ್ಲದಾಗ ಸಕ್ಸಿನೇಟ್ ಎಂಬ ವಸ್ತು ಶೇಖರವಾಗಿ, ರಕ್ತ ಮರಳಿದೊಡನೆ ಅದು ಮೈಟೊಕಾಂಡ್ರಿಯದಲ್ಲಿ ತೀವ್ರವಾಗಿ ಉರಿಯುವುದೇ ಈ ಸ್ಫೋಟಕ್ಕೆ ಪ್ರಮುಖ ಕಾರಣವೆಂದು ತೋರಿಸಿದರು.

ವೈದ್ಯರು ವಿವರಣೆಗಾಗಿ ಕಾದು ಕುಳಿತಿರಲಿಲ್ಲ. ತಂಪಿನಲ್ಲಿ ಕೋಶದ ಖರ್ಚು ಕಡಿಮೆಯಾಗುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. 1967ರಲ್ಲಿ ಫೋಲ್ಕರ್ಟ್ ಬೆಲ್ಜರ್ ನಾಯಿಯ ಮೂತ್ರಪಿಂಡವನ್ನು ಯಂತ್ರದ ಮೂಲಕ ತಂಪುದ್ರವ ಹರಿಸುತ್ತ 72 ಗಂಟೆ ಕಾಪಾಡಿದನು. 1969ರಲ್ಲಿ ಜೆಫ್ರಿ ಕಾಲಿನ್ಸ್ ಮತ್ತು ಪಾಲ್ ತೆರಸಾಕಿ ಮೊದಲಾದವರು, ಕೋಶದ ಒಳಗಿನ ಲವಣಾಂಶವನ್ನೇ ಹೋಲುವ ದ್ರಾವಣವೊಂದರಿಂದ ತೊಳೆದು ಮಂಜುಗಡ್ಡೆಯಲ್ಲಿಟ್ಟ ಮೂತ್ರಪಿಂಡವು 30 ಗಂಟೆ ಉಳಿಯುವುದನ್ನು ತೋರಿಸಿದರು. 1980ರ ದಶಕದ ಉತ್ತರಾರ್ಧದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬೆಲ್ಜರ್ ಮತ್ತು ಜೇಮ್ಸ್ ಸೌದರ್ಡ್ ರೂಪಿಸಿದ ದ್ರಾವಣವು ಯಕೃತ್ತಿನ ಕಸಿಯ ಸ್ವರೂಪವನ್ನೇ ಬದಲಿಸಿತು. ಕೋಶ ಊದದಂತೆ ತಡೆಯುವ ವಸ್ತುಗಳ ಜೊತೆಗೆ, ಮರುಹರಿವಿನ ಹಾನಿಯನ್ನು ತಗ್ಗಿಸಲೆಂದೇ ಗ್ಲುಟಾಥಯೋನ್ ಮತ್ತು ಅಲೊಪ್ಯೂರಿನಾಲ್ ಎಂಬ ಎರಡು ದ್ರವ್ಯಗಳು ಅದರಲ್ಲಿದ್ದವು. ಆದರೂ ಕಾಲದ ಮಿತಿ ಇದ್ದೇ ಇದೆ. ಮಂಜುಗಡ್ಡೆಯಲ್ಲಿಟ್ಟ ಹೃದಯಕ್ಕೆ ಸುಮಾರು ನಾಲ್ಕು ಗಂಟೆ. ಯಕೃತ್ತಿಗೆ ಹತ್ತು ಹನ್ನೆರಡು ಗಂಟೆ. ಮೂತ್ರಪಿಂಡಕ್ಕೆ ಒಂದು ದಿನ, ಒಂದೂವರೆ ದಿನ.

ಈ ನಡುವೆ ಇನ್ನೊಂದು ಅಚ್ಚರಿ. 1986ರಲ್ಲಿ ಚಾರ್ಲ್ಸ್ ಮರಿ, ಜೆನ್ನಿಂಗ್ಸ್ ಮತ್ತು ಕೀತ್ ರೈಮರ್, ನಾಯಿಯ ಹೃದಯದ ನಾಳವನ್ನು 40 ನಿಮಿಷ ಬಿಗಿಯುವ ಮೊದಲು ಐದೈದು ನಿಮಿಷಗಳಂತೆ ನಾಲ್ಕು ಸಲ ಬಿಗಿದು ಬಿಟ್ಟರು. ಹಾನಿಯು ಕಾಲುಭಾಗಕ್ಕೆ ಇಳಿಯಿತು. ಸಣ್ಣ ಕಷ್ಟಗಳ ಅಭ್ಯಾಸವು ದೊಡ್ಡ ಕಷ್ಟವನ್ನು ತಾಳುವ ಬಲ ಕೊಡುತ್ತದೆಂಬ ಮಾತು ಜೀವಕೋಶದಲ್ಲಿಯೂ ಸತ್ಯವಾಯಿತು. 2003ರಲ್ಲಿ ಜಾವೊ, ಜಾಕೊಬ್ ವಿಂಟನ್-ಯೋಹಾನ್ಸನ್ ಮೊದಲಾದವರು ಕೊನೆಯ ಹಂತವನ್ನು ಪರೀಕ್ಷಿಸಿದರು. ರಕ್ತವನ್ನು ಒಮ್ಮೆಲೇ ಬಿಡದೆ, ಮೂವತ್ತು ಸೆಕೆಂಡು ಬಿಟ್ಟು, ಮೂವತ್ತು ಸೆಕೆಂಡು ತಡೆದು, ಹೀಗೆ ಮೂರು ಸಲ ಮಾಡಿ ಆಮೇಲೆ ಪೂರ್ತಿ ಬಿಟ್ಟರೆ ಹಾನಿ ಅರ್ಧದ ಸಮೀಪಕ್ಕೆ ಇಳಿಯಿತು. ಪಾರಣೆಯ ಕ್ರಮವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಮನುಷ್ಯರ ಹೃದಯಾಘಾತದ ಚಿಕಿತ್ಸೆಯಲ್ಲಿ ಇದನ್ನು ಪ್ರಯೋಗಿಸಿದಾಗ ನಿರೀಕ್ಷಿಸಿದಷ್ಟು ಫಲ ದೊರೆಯಲಿಲ್ಲವೆಂಬುದನ್ನೂ ಹೇಳಬೇಕು. ಈ ಹಾನಿಯನ್ನು ಪೂರ್ಣವಾಗಿ ತಡೆಯುವ ಔಷಧ ಇಂದಿಗೂ ಬಂದಿಲ್ಲ.

ತಿರಸ್ಕಾರಕ್ಕೂ ಈ ಹಾನಿಗೂ ಇರುವ ನಂಟು ಬೆಳಕಿಗೆ ಬಂದದ್ದು 1990ರ ದಶಕದಲ್ಲಿ. 1994ರಲ್ಲಿ ಮ್ಯೂನಿಕ್‌ನ ವಾಲ್ಟರ್ ಲ್ಯಾಂಡ್ ಮತ್ತು ಸಂಗಡಿಗರು, ಕಸಿಯ ವೇಳೆ ಸೂಪರಾಕ್ಸೈಡನ್ನು ಶಮನಗೊಳಿಸುವ ಕಿಣ್ವವನ್ನು ಕೊಟ್ಟ ರೋಗಿಗಳಲ್ಲಿ ತೀವ್ರ ತಿರಸ್ಕಾರದ ಪ್ರಮಾಣವು ಶೇಕಡಾ 33.3ರಿಂದ 18.5ಕ್ಕೆ ಇಳಿದುದನ್ನು ವರದಿ ಮಾಡಿದರು. ಗಾಯಗೊಂಡ ಅಂಗವು ಅಪಾಯದ ಕೂಗು ಹಾಕುತ್ತದೆ. ಆ ಕೂಗಿಗೆ ದೇಹದ ರಕ್ಷಣಾಪಡೆ ಎಚ್ಚರಗೊಳ್ಳುತ್ತದೆ ಎಂಬ ಹೊಸ ತಿಳಿವಳಿಕೆ ಬೆಳೆಯಿತು. 1995ರಲ್ಲಿ ತೆರಸಾಕಿ ಮೊದಲಾದವರು ಪ್ರಕಟಿಸಿದ ಅಂಕಿಗಳು ಇದಕ್ಕೆ ಪುಷ್ಟಿ ಕೊಟ್ಟವು. ಮೃತರಿಂದ ಪಡೆದ ಮೂತ್ರಪಿಂಡಗಳಲ್ಲಿ ಮೂರು ವರ್ಷಗಳ ನಂತರ ಕೆಲಸ ಮಾಡುತ್ತಿದ್ದವು ಶೇಕಡಾ 70. ತಂದೆತಾಯಿಯರಿಂದ ಪಡೆದವುಗಳಲ್ಲಿ ಶೇಕಡಾ 82. ಗಂಡ ಹೆಂಡಿರು ಪರಸ್ಪರ ಕೊಟ್ಟವುಗಳಲ್ಲಿ ಶೇಕಡಾ 85. ಗಂಡಹೆಂಡಿರ ನಡುವೆ ರಕ್ತಸಂಬಂಧವಿಲ್ಲ, ಅಂಗಾಂಶಗಳ ಹೊಂದಾಣಿಕೆಯೂ ಇಲ್ಲ. ಆದರೆ ಆರೋಗ್ಯವಂತ ದೇಹದಿಂದ ಹೊರಟ ಅಂಗವು ಹೆಚ್ಚು ಹೊತ್ತು ರಕ್ತವಿಲ್ಲದೆ ಇರಲಿಲ್ಲ, ಅಷ್ಟಾಗಿ ಗಾಯಗೊಳ್ಳಲೂ ಇಲ್ಲ.

ಈ ಅಂಕಿಗಳನ್ನು ನಮ್ಮ ದೇಶದ ಸಂದರ್ಭದಲ್ಲಿ ಓದುವಾಗ ಮನಸ್ಸು ಭಾರವಾಗುತ್ತದೆ. 1968ರ ಫೆಬ್ರವರಿಯಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇನ್ ಭಾರತದ ಮೊದಲ ಹೃದಯ ಕಸಿಯನ್ನು ಮಾಡಿದರು. ರೋಗಿ ಕೆಲವೇ ಗಂಟೆ ಬದುಕಿದನು. 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಮೂತ್ರಪಿಂಡದ ಕಸಿ ಯಶಸ್ವಿಯಾಯಿತು. ಅನಂತರದ ಎರಡು ದಶಕಗಳಲ್ಲಿ ಬಡವರ ಮೂತ್ರಪಿಂಡಗಳ ವ್ಯಾಪಾರವು ದೇಶಕ್ಕೆ ಕೆಟ್ಟ ಹೆಸರು ತಂದಿತು. ಅದನ್ನು ತಡೆಯಲು ಮತ್ತು ಮಿದುಳಿನ ಸಾವನ್ನು ಕಾನೂನಿನಲ್ಲಿ ಮಾನ್ಯ ಮಾಡಲು 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯಿದೆ ಬಂದಿತು. ಅದೇ ವರ್ಷ ದೆಹಲಿಯಲ್ಲಿ ಡಾ. ಪಿ. ವೇಣುಗೋಪಾಲ್ ಹೃದಯದ ಕಸಿಯನ್ನು ಯಶಸ್ವಿಯಾಗಿ ನೆರವೇರಿಸಿದರು. ಇಷ್ಟಾದರೂ ನಮ್ಮಲ್ಲಿ ಮೃತರಿಂದ ದೊರೆಯುವ ಅಂಗಗಳು ಕಡಿಮೆ. ಹೆಚ್ಚಿನ ಕಸಿಗಳು ಜೀವಂತ ದಾನಿಗಳಿಂದಲೇ ನಡೆಯುತ್ತವೆ, ಮತ್ತು ಆ ದಾನಿಗಳಲ್ಲಿ ತಾಯಂದಿರೂ ಹೆಂಡತಿಯರೂ ಹೆಚ್ಚು. ಸತ್ತವರ ಅಂಗಗಳು ಚಿತೆಗೆ ಹೋಗುವಾಗ, ಬದುಕಿರುವ ಹೆಣ್ಣುಮಕ್ಕಳು ತಮ್ಮ ದೇಹವನ್ನು ಕತ್ತರಿಗೆ ಒಡ್ಡುತ್ತಿದ್ದಾರೆ. ಅವರು ಪ್ರೀತಿಯಿಂದ ಕೊಡುತ್ತಾರೆಂಬುದು ನಿಜ. ಆ ಪ್ರೀತಿಯನ್ನು ಆಧಾರವಾಗಿಟ್ಟುಕೊಂಡು ಉಳಿದವರು ಸುಮ್ಮನಿರಬಹುದೇ ಎಂಬುದು ಯೋಚಿಸಬೇಕಾದ ಪ್ರಶ್ನೆ.

ಇಂದು ಕರ್ನಾಟಕದಲ್ಲಿ ಜೀವಸಾರ್ಥಕತೆ ಎಂಬ ಹೆಸರಿನ ರಾಜ್ಯ ಸಂಸ್ಥೆ ಅಂಗಾಂಗಗಳ ಹಂಚಿಕೆಯನ್ನು ನೋಡಿಕೊಳ್ಳುತ್ತದೆ. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ದಾನಿಯೊಬ್ಬರ ಹೃದಯವನ್ನು ವಿಮಾನದಲ್ಲಿ ಚೆನ್ನೈಗೆ ಒಯ್ಯಲು ಪೊಲೀಸರು ರಸ್ತೆಯನ್ನು ತೆರವುಗೊಳಿಸಿದರು. ಅಂದು ಆಂಬುಲೆನ್ಸ್ ಓಡಿದ್ದು ಏಕೆಂದು ಈಗ ವಾಚಕರಿಗೆ ತಿಳಿದಿರಬಹುದು. ಆ ನಾಲ್ಕು ಗಂಟೆಗಳಲ್ಲಿ ಉಳಿಸಿದ ಒಂದೊಂದು ನಿಮಿಷವೂ ಮರುಹರಿವಿನ ಗಾಯವನ್ನು ಅಷ್ಟಷ್ಟು ಹಗುರಗೊಳಿಸುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಮಂಜುಗಡ್ಡೆಯ ಪೆಟ್ಟಿಗೆಗೆ ಬದಲಾಗಿ ಅಂಗಕ್ಕೆ ಪೋಷಣೆ ಹರಿಸುವ ಯಂತ್ರಗಳು ಬಳಕೆಗೆ ಬಂದಿವೆ. 2018ರಲ್ಲಿ ಪ್ರಕಟವಾದ ಯೂರೋಪಿನ ಅಧ್ಯಯನವೊಂದರಲ್ಲಿ 220 ಯಕೃತ್ ಕಸಿಗಳನ್ನು ಹೋಲಿಸಲಾಯಿತು. ದೇಹದ ಶಾಖದಲ್ಲಿಯೇ ರಕ್ತ ಹರಿಸಿ ಕಾಪಾಡಿದ ಯಕೃತ್ತುಗಳಲ್ಲಿ ಹಾನಿಯ ಸೂಚಿಯು ಅರ್ಧಕ್ಕೆ ಇಳಿದಿತ್ತು. ನಿರುಪಯುಕ್ತವೆಂದು ಬಿಟ್ಟ ಅಂಗಗಳ ಸಂಖ್ಯೆಯೂ ಅರ್ಧಕ್ಕೆ ಇಳಿದಿತ್ತು.

ಇಲ್ಲಿ ನಾವು ಮರೆಮಾಚಬಾರದ ಒಂದು ಲೆಕ್ಕವಿದೆ. ಮೇಲೆ ಹೇಳಿದ ಒಂದೊಂದು ಹೆಜ್ಜೆಯ ಹಿಂದೆಯೂ ನಾಯಿ, ಬೆಕ್ಕು, ಮೊಲ, ಇಲಿಗಳಿವೆ. ಅವು ಒಪ್ಪಿಗೆ ಕೊಡಲಿಲ್ಲ, ಕೇಳುವವರೂ ಇರಲಿಲ್ಲ. ಆ ಅರಿವಿನ ಫಲವನ್ನು ನಮ್ಮ ಮಕ್ಕಳಿಗಾಗಿ ಸ್ವೀಕರಿಸುವಾಗ ಅದರ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಮರೆತರೆ ಅಹಿಂಸೆಯ ಮಾತು ಬರಿಯ ಬಾಯಿಮಾತಾಗುತ್ತದೆ. ಹಾಗೆಂದು ರೋಗಿಯು ಚಿಕಿತ್ಸೆಯನ್ನು ನಿರಾಕರಿಸಬೇಕೆಂದು ಹೇಳಲಾಗದು. ಆಗಿಹೋದ ಹಿಂಸೆ ಅದರಿಂದ ಅಳಿಯುವುದಿಲ್ಲ. ಮಾಡಬಹುದಾದದ್ದು ಮುಂದಿನ ಹಿಂಸೆಯನ್ನು ತಗ್ಗಿಸುವುದು. 1959ರಲ್ಲಿಯೇ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್, ಪ್ರಾಣಿಪ್ರಯೋಗಕ್ಕೆ ಬದಲಿ ಹುಡುಕುವುದು, ಸಂಖ್ಯೆ ಕಡಿಮೆ ಮಾಡುವುದು, ನೋವು ತಗ್ಗಿಸುವುದು ಎಂಬ ಮೂರು ನಿಯಮಗಳನ್ನು ವಿಜ್ಞಾನಿಗಳ ಮುಂದಿಟ್ಟರು. ಮರುವರ್ಷ ನಮ್ಮ ದೇಶದಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂದಿತು. ಈಗ ಕಸಿಗೆ ಒದಗದೆ ಉಳಿದ ಮನುಷ್ಯರ ಅಂಗಗಳನ್ನೇ, ಕುಟುಂಬದವರ ಒಪ್ಪಿಗೆ ಪಡೆದು, ಯಂತ್ರದ ಮೇಲಿಟ್ಟು ಮರುಹರಿವಿನ ಹಾನಿಯನ್ನು ಅಭ್ಯಸಿಸುವ ದಾರಿ ತೆರೆದಿದೆ. ಹೀಗೆ ಒಪ್ಪಿಗೆಯಿಂದ ಕೊಟ್ಟ ಅಂಗವು ಕೆಲವಾದರೂ ಮೂಕಪ್ರಾಣಿಗಳಿಗೆ ಅಭಯವಾಗಬಲ್ಲದು.

ಕೊನೆಯದಾಗಿ ಕುಟುಂಬಗಳಿಗೂ ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಎರಡು ಮಾತು. ಮೃತರ ಕಣ್ಣನ್ನು ಮನೆಯಲ್ಲಿಯೇ, ಉಸಿರು ನಿಂತ ಆರು ಗಂಟೆಗಳ ಒಳಗೆ ಪಡೆಯಬಹುದು. ಕಣ್ಣಿನ ಪಾರದರ್ಶಕ ಪಟಲದಲ್ಲಿ ರಕ್ತನಾಳಗಳೇ ಇಲ್ಲವಾದ್ದರಿಂದ ಮರುಹರಿವಿನ ಗಾಯದ ಪ್ರಶ್ನೆ ಅದಕ್ಕಿಲ್ಲ. ಹೃದಯ, ಯಕೃತ್ತು, ಮೂತ್ರಪಿಂಡಗಳ ವಿಷಯ ಹಾಗಲ್ಲ. ಸಾಮಾನ್ಯವಾಗಿ ಅವು ದೊರೆಯುವುದು ಮಿದುಳು ಸತ್ತು, ಕೃತಕ ಉಸಿರಾಟದ ಯಂತ್ರದ ನೆರವಿನಿಂದ ಹೃದಯ ಇನ್ನೂ ಮಿಡಿಯುತ್ತಿರುವಾಗ, ತೀವ್ರನಿಗಾ ಘಟಕದಲ್ಲಿ. ಕಾಯಿದೆಯಂತೆ ವೈದ್ಯರ ಮಂಡಳಿಯು ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಮಿದುಳಿನ ಸಾವನ್ನು ದೃಢಪಡಿಸಬೇಕು. ಆ ಅಂತರ ಕುಟುಂಬಕ್ಕೂ ಒಂದು ಅವಕಾಶ. ಆದರೆ ಮಗನನ್ನೋ ಮಗಳನ್ನೋ ಕಳೆದುಕೊಂಡವರಿಗೆ ಆ ಬಾಗಿಲಲ್ಲಿ ನಿಂತು ಹೊಸದಾಗಿ ಆಲೋಚಿಸುವುದು ಎಷ್ಟು ಕಷ್ಟವೆಂಬುದನ್ನು ಹೇಳಬೇಕಿಲ್ಲ. ಆಲೋಚನೆ ಅದಕ್ಕೆ ಮೊದಲೇ, ಮನೆಯ ಎಲ್ಲರೂ ಕ್ಷೇಮವಾಗಿರುವಾಗ, ಊಟದ ಹೊತ್ತಿನಲ್ಲಿಯೋ ಪರ್ವದ ದಿನಗಳಲ್ಲಿಯೋ ನಡೆದಿರಬೇಕು. ನಿರ್ಧಾರ ಕೊಡುವುದಾಗಿರಲಿ, ಕೊಡದಿರುವುದಾಗಿರಲಿ, ಅದನ್ನು ಮನೆಯವರೆಲ್ಲ ತಿಳಿದಿರಬೇಕು. ಬಲವಂತದ ದಾನ ದಾನವಲ್ಲ.

ದಾನದ ಹಿರಿಮೆಯನ್ನು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ಅಳೆಯುವ ಕ್ರಮ ನಮ್ಮ ಹಿರಿಯರದು. ಅಂಗಾಂಗ ದಾನದಲ್ಲಿ ದ್ರವ್ಯವೂ ದಾತೃವೂ ಪಾತ್ರವೂ ಎಲ್ಲರ ಕಣ್ಣಿಗೆ ಬೀಳುತ್ತವೆ. ವಿಧಿ ಮಾತ್ರ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ, ಶಸ್ತ್ರವೈದ್ಯರು ರಕ್ತನಾಳದ ಇಕ್ಕಳವನ್ನು ಮೆಲ್ಲನೆ ಸಡಿಲಿಸುವ ಆ ಕ್ಷಣದಲ್ಲಿ ಅಡಗಿದೆ. ಅದನ್ನು ಕಲಿಯಲು ಮನುಷ್ಯನಿಗೆ ನೂರು ವರ್ಷಗಳು ಹಿಡಿದವು. ಎಷ್ಟೋ ಜೀವಗಳು ಹೋದವು. ಹಾಗೆ ಕಲಿತ ವಿದ್ಯೆ ನಮ್ಮ ಹಿಂಜರಿಕೆಯಿಂದಲೋ ಅಜ್ಞಾನದಿಂದಲೋ ವ್ಯರ್ಥವಾಗದಿರಲೆಂಬುದೇ ಈ ಬರಹದ ಆಶಯ.